ನೋಂದಣಿಯೂ ಒಡೆತನವೂ



ಉಳಿಸಿದ ಹಣವನ್ನು ನಮ್ಮ ಹಿರಿಯರು ಚಿನ್ನವಾಗಿ ಪರಿವರ್ತಿಸಿ ಪೆಟ್ಟಿಗೆಯಲ್ಲಿಡುತ್ತಿದ್ದರು. ನಗರವಾಸಿಗಳಾದ ನಮಗಾದರೋ ನಿವೇಶನದ ಮೇಲೆಯೇ ಮೋಹ. ಬೆಂಗಳೂರಿನ ಸುತ್ತಣ ಹೊಲಗಳಲ್ಲಿ ಕಲ್ಲು ನೆಟ್ಟು ಬಡಾವಣೆಯೆಂದು ಹೆಸರಿಟ್ಟೊಡನೆ, ವಾಸಕ್ಕಲ್ಲದಿದ್ದರೂ ಬೆಲೆಯೇರಿದಾಗ ಮಾರುವ ಆಸೆಯಿಂದ ಕೊಳ್ಳಲು ಮುಂದಾಗುವವರು ಅನೇಕರು. ಕೆಲವು ವರ್ಷಗಳ ಹಿಂದೆ ನಾವೂ ಅವರಲ್ಲೊಬ್ಬರಾಗಿದ್ದೆವು.

ಮಾರುವವರ ಕೈಯಲ್ಲಿ ನೋಂದಣಿಯಾದ ಕ್ರಯಪತ್ರವಿದ್ದಿತು. ಖಾತೆ ಅವರ ಹೆಸರಿನಲ್ಲಿದ್ದಿತು. ತೆರಿಗೆಯ ರಸೀತಿಗಳೂ ಇದ್ದುವು. ಇನ್ನೇನು ಬೇಕೆಂದು ಮುಂಗಡವನ್ನು ಕೊಟ್ಟುಬಿಟ್ಟೆವು. ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ನಮ್ಮ ಸೋದರಮಾವನವರು ಆ ಕಾಗದಗಳನ್ನೆಲ್ಲ ತಿರುವಿಹಾಕಿ, “ಇದೆಲ್ಲ ಸರಿಯಪ್ಪಾ, ಇದರ ತಾಯಿಪತ್ರ ಎಲ್ಲಿ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ನಮ್ಮಲ್ಲಿ ಸುಶಿಕ್ಷಿತರೂ ಎಡವುವುದು ಇಲ್ಲಿಯೇ. 1908ನೆಯ ನೋಂದಣಿ ಕಾಯಿದೆಯ ಪ್ರಕಾರ ಸರ್ಕಾರವು ನೋಂದಾಯಿಸುವುದು ಪತ್ರವನ್ನೇ ಹೊರತು ಒಡೆತನವನ್ನಲ್ಲ. ಇಂಥವರು ಇಂಥವರಿಗೆ ಹೀಗೆ ಬರೆದುಕೊಟ್ಟರೆಂಬುದಕ್ಕೆ ಅದು ಸಾಕ್ಷಿ. ಬರೆದುಕೊಟ್ಟವರಿಗೆ ಆ ಭೂಮಿ ಸೇರಿತ್ತೆಂಬುದಕ್ಕೆ ಅಲ್ಲ. ಖಾತೆಯು ತೆರಿಗೆ ವಸೂಲಿಗಾಗಿ ಇರುವ ದಾಖಲೆ. 1882ನೆಯ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾರುವವನು ತನ್ನ ಹಕ್ಕಿಗೆ ತಾನೇ ಹೊಣೆಯೆಂಬುದು ನಿಜ. ಆದರೆ ಹಣ ಪಡೆದು ಊರು ಬಿಟ್ಟವನ ಹೊಣೆಗಾರಿಕೆಯಿಂದ ನಮಗೇನು ಪ್ರಯೋಜನ?

ದಕ್ಷಿಣ ಆಸ್ಟ್ರೇಲಿಯದಲ್ಲಿ ಟಾರೆನ್ಸ್ ಎಂಬವರು 1858ರಲ್ಲಿ ಬೇರೊಂದು ಕ್ರಮವನ್ನು ಜಾರಿಗೆ ತಂದರು. ಅಲ್ಲಿ ಸರ್ಕಾರದ ಪುಸ್ತಕದಲ್ಲಿ ಹೆಸರಿದ್ದವನೇ ಒಡೆಯ. ಆ ಪುಸ್ತಕದ ತಪ್ಪಿನಿಂದ ನಷ್ಟವಾದವರಿಗೆ ಪರಿಹಾರವೂ ಉಂಟು. ನಮ್ಮಲ್ಲಿ ಅಂತಹ ಆಶ್ವಾಸನೆಯಿಲ್ಲ. ಶೋಧನೆಯ ಭಾರವೆಲ್ಲ ಕೊಳ್ಳುವವನ ತಲೆಯ ಮೇಲೆ.

ಋಣಭಾರ ಪ್ರಮಾಣಪತ್ರವನ್ನು ತರಿಸಿದರೆ ಸಾಕೆಂದು ಹೇಳುವವರುಂಟು. ನೋಂದಣಿಯಾದ ವ್ಯವಹಾರಗಳು ಮಾತ್ರ ಅದರಲ್ಲಿ ಕಾಣುತ್ತವೆ. ಮರಣಶಾಸನಕ್ಕೆ ನೋಂದಣಿ ಕಡ್ಡಾಯವಲ್ಲ. ಬಾಯಿಮಾತಿನ ವಿಭಾಗಕ್ಕೆ ಪತ್ರವೇ ಇಲ್ಲ. ಹಕ್ಕುಪತ್ರಗಳನ್ನು ಒಪ್ಪಿಸಿ ತೆಗೆದ ಸಾಲವೂ ಕಾಣದೆ ಹೋಗಬಹುದು. ಪಿತ್ರಾರ್ಜಿತ ಸ್ವತ್ತಾದರೆ, 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಜನ್ಮತಃ ಸಮಭಾಗವಿದೆ. ತಂದೆ ಆ ವೇಳೆಗೆ ಬದುಕಿರಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿತು. ಗಂಡುಮಕ್ಕಳಷ್ಟೇ ರುಜು ಹಾಕಿದ ಕ್ರಯಪತ್ರವನ್ನು ನೋಡಿದಾಗ ಅಕ್ಕತಂಗಿಯರು ಎಷ್ಟು ಮಂದಿಯೆಂದು ಕೇಳಲು ಸಂಕೋಚಪಡಬಾರದು. ಕೇವಲ ಅಧಿಕಾರಪತ್ರದ ಮೇಲೆ ನಡೆದ ಮಾರಾಟವಂತೂ ಮಾರಾಟವೇ ಅಲ್ಲವೆಂದು ಅದೇ ನ್ಯಾಯಾಲಯವು 2011ರಲ್ಲಿ ಸ್ಪಷ್ಟಪಡಿಸಿದೆ.

ನಾವು ಕೊಳ್ಳಹೊರಟ ಭೂಮಿಯ ಮೂಲವನ್ನು ಮಾವನವರು ತಾಲ್ಲೂಕು ಕಚೇರಿಯಲ್ಲಿ ಹುಡುಕಿಸಿದರು. ಅದು ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರವು ಸಾಗುವಳಿಗಾಗಿ ಮಂಜೂರು ಮಾಡಿದ್ದ ಜಮೀನು. ಕರ್ನಾಟಕದ 1978ನೆಯ ಕಾಯಿದೆಯಂತೆ ಇಂತಹ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ. ಮಾರಿದರೆ ಅದು ಅಸಿಂಧು. ಆಮೇಲೆ ಎಷ್ಟು ಕೈ ಬದಲಾದರೂ ಭೂಮಿಯನ್ನು ಹಿಂದಕ್ಕೆ ಪಡೆದು ಮೂಲ ಕುಟುಂಬಕ್ಕೆ ಕೊಡಿಸಬಹುದು. ಹಾಗೆ ಕೇಳುವುದಕ್ಕೆ ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿಯು ಹೇಳುತ್ತದೆ. ಈ ಕಾನೂನನ್ನು ನಾವು ದೂರುವುದಿಲ್ಲ. ಬಡವನ ಏಕೈಕ ಆಸ್ತಿಯನ್ನು ಅಲ್ಪ ಬೆಲೆಗೆ ಬರೆಸಿಕೊಂಡವರು ಬೇರೆ. ಆ ಮಾತನ್ನು ಮರೆಮಾಡಿ ನಮಗೆ ಮಾರಬಂದವರೂ ಅವರ ಪೈಕಿಯವರೇ.

ಬಹಳ ಓಡಾಟದ ಮೇಲೆ ಮುಂಗಡದ ಅರ್ಧ ನಮಗೆ ಹಿಂದಿರುಗಿತು. ಅದೇ ಬಡಾವಣೆಯಲ್ಲಿ, ಗಂಡನು ತೀರಿಕೊಂಡಾಗ ಬಂದ ಹಣವನ್ನೆಲ್ಲ ಹಾಕಿ ಎರಡು ನಿವೇಶನಗಳನ್ನು ಕೊಂಡಿದ್ದ ಮಹಿಳೆಯೊಬ್ಬರನ್ನು ನಾವು ಬಲ್ಲೆವು. ಅವರಿಗೆ ತಾಯಿಪತ್ರದ ಮಾತೆತ್ತುವವರು ಯಾರೂ ಇರಲಿಲ್ಲ. ಆ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ನಿವೇಶನಗಳ ತೆರಿಗೆಯನ್ನು ಮಾತ್ರ ಆಕೆ ವರ್ಷವರ್ಷವೂ ತಪ್ಪದೆ ಕಟ್ಟಿ, ರಸೀತಿಗಳನ್ನು ಜೋಪಾನವಾಗಿ ಇಟ್ಟುಕೊಂಡು ಬರುತ್ತಿದ್ದಾರೆ.