ಒಂದು ಖೋಲಿಯ ಮಾಲಕರು
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಹಲಗೆಯ ಮೇಲೆ ಓದಿ ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬೇಕು. ನಮ್ಮಲ್ಲಿ ಮುಕ್ಕಾಲು ಮಂದಿ ಬಾಡಿಗೆಗೆ ಇರತಕ್ಕವರು. ನಮಗೆ ಮಾಲಕರ ಕಷ್ಟ ಕಟ್ಟಿಕೊಂಡು ಆಗಬೇಕಾದುದೇನು? ಮಾಲಕ ಎಂದೊಡನೆ ಕಣ್ಣೆದುರಿಗೆ ಬರುವವನು ಹಳೆಯ ಚಾಳಿನ ಸೇಠ. ಅವನ ಕಷ್ಟಸುಖ ನೋಡಿಕೊಳ್ಳಲು ಅವನಿಗೆ ವಕೀಲರಿದ್ದಾರೆ, ನಾವು ಬೇಕಾಗಿಲ್ಲ.

ನಾವು ಹೇಳಹೊರಟದ್ದು ಬೇರೊಂದು ಬಗೆಯ ಮಾಲಕರ ಮಾತು. ಮೂವತ್ತು ವರ್ಷ ದುಡಿದು, ಪ್ರಾವಿಡೆಂಟ್ ಫಂಡ್ ಮತ್ತು ಗ್ರಾಚ್ಯುಯಿಟಿಯ ಹಣದಲ್ಲಿ ಡೊಂಬಿವಲಿಯಲ್ಲೋ ಅಂಬರನಾಥದಲ್ಲೋ ನಾಲಾಸೋಪಾರದಲ್ಲೋ ಒಂದು ಖೋಲಿ, ಒಂದು ಅಡಿಗೆಮನೆ ಕೊಂಡವರು. ಈಗ ಮಗನ ಮನೆಯಲ್ಲಿ ಇದ್ದಾರೆ, ಇಲ್ಲವೆ ಕುಂದಾಪುರಕ್ಕೋ ಬಿಜಾಪುರಕ್ಕೋ ಮರಳಿದ್ದಾರೆ. ಆ ಖೋಲಿಯ ಬಾಡಿಗೆಯೇ ಅವರ ಪೆನ್ಶನ್. ಬುಧವಾರ ಸಂಜೆ ಇಲ್ಲಿ ಅರ್ಜಿ ಬರೆದುಕೊಡುವ ನಾವು ಮೂರು ನಾಲ್ಕು ಮಂದಿ ಸ್ವಯಂಸೇವಕರು ಇದನ್ನು ಕಾಣುತ್ತ ಬಂದಿದ್ದೇವೆ. ಮೊದಲು ರೇಶನ್ ಕಾರ್ಡು, ಶಾಲೆಯ ದಾಖಲೆ ಎಂದು ಬರುತ್ತಿದ್ದವರು ಈಗ ಕೈಚೀಲದಲ್ಲಿ ಬಾಡಿಗೆಯ ಕಾಗದ ಹಿಡಿದು ಬರುತ್ತಾರೆ. ಅಥವಾ ಕಾಗದವೇ ಇಲ್ಲವೆಂದು ಹೇಳಲು ಬರುತ್ತಾರೆ. ನಾವು ಮೆಟ್ರಿಕ್ ಓದಿದ ಗಿರಣಿ ಗುಮಾಸ್ತರು, ವಕೀಲರಲ್ಲ. ಹಾಜರಿ ಪುಸ್ತಕ, ಪಗಾರದ ಲೆಕ್ಕ ಬರೆದು ರೂಢಿಯುಳ್ಳವರು. ಆದುದರಿಂದ ಲೆಕ್ಕದಿಂದಲೇ ಮೊದಲು ಮಾಡುತ್ತೇವೆ.

ತಿಂಗಳಿಗೆ 9,000 ರೂಪಾಯಿ ಬಾಡಿಗೆ ಎಂದು ಹಿಡಿಯೋಣ. ವರ್ಷಕ್ಕೆ 1,08,000. ಇದನ್ನು ಕೇಳಿ ನೆಂಟರೆಲ್ಲ 'ನಿಮಗೇನಪ್ಪಾ, ಕೂತಲ್ಲೇ ಬರುತ್ತದೆ' ಎನ್ನುತ್ತಾರೆ. ಆದರೆ ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಖೋಲಿ ಒಂದು ತಿಂಗಳು ಖಾಲಿ ಬೀಳುತ್ತದೆ, 9,000 ಹೋಯಿತು. ದಲಾಲನು ಕರೆತಂದರೆ ಅವನಿಗೆ ಒಂದು ತಿಂಗಳ ಬಾಡಿಗೆ, ಮತ್ತೆ 9,000. ಸೊಸೈಟಿಯ ಬಿಲ್ಲು ತಿಂಗಳಿಗೆ ಸಾವಿರವಾದರೂ ವರ್ಷಕ್ಕೆ 12,000. ತಾವು ವಾಸವಿಲ್ಲವೆಂದು ಸೊಸೈಟಿ ಹಾಕುವ ಹೆಚ್ಚುವರಿ ಸುಮಾರು 720. ಕರಾರಿನ ನೋಂದಣಿಗೆ 1,300 ಹಿಡಿಯೋಣ. ಸುಣ್ಣಬಣ್ಣ, ನಳ, ಮೋರಿಯ ಸೋರಿಕೆ ಎಂದು 8,000. ಕಳೆದು ನೋಡಿದರೆ ಉಳಿಯುವುದು 67,980. ತಿಂಗಳಿಗೆ 5,665 ರೂಪಾಯಿ. ಒಂಬತ್ತು ಸಾವಿರವೆಂದು ನಂಬಿ ಊರಿನಲ್ಲಿ ಮಗಳ ಮದುವೆಗೆ ಸಾಲದ ಕಂತು ಕಟ್ಟಲು ಒಪ್ಪಿಕೊಂಡವನ ಗತಿಯೇನು? ಇದು ನಮ್ಮ ಅಂದಾಜಿನ ಲೆಕ್ಕವೇ ಹೊರತು ಎಲ್ಲರ ಲೆಕ್ಕವಲ್ಲ. ನಿಮ್ಮ ಅಂಕಿಗಳನ್ನು ಹಾಕಿ ನೀವೇ ಕಳೆದು ನೋಡಿ. ಕಳೆಯದೆ ಇರುವವರೇ ಹೆಚ್ಚು ಎಂಬುದಷ್ಟೆ ನಮ್ಮ ತಕರಾರು.

ಸೊಸೈಟಿಯ ಹೆಚ್ಚುವರಿ ಎಂದೆವಲ್ಲ, ಅದರ ಬಗ್ಗೆ ಒಂದು ಮಾತು. ಕೆಲವು ಸೊಸೈಟಿಗಳು ಮನಸ್ಸಿಗೆ ಬಂದಂತೆ ಕೇಳುತ್ತವೆ. 2001ರ ಆಗಸ್ಟಿನಲ್ಲಿ ಮಹಾರಾಷ್ಟ್ರ ಸರಕಾರವು ಇದಕ್ಕೆ ಮಿತಿ ಹಾಕಿದೆ. ಸೇವಾ ಶುಲ್ಕದ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಾಕುವಂತಿಲ್ಲ, ನಗರಪಾಲಿಕೆಯ ತೆರಿಗೆಯನ್ನು ಆ ಲೆಕ್ಕಕ್ಕೆ ಸೇರಿಸುವಂತಿಲ್ಲ. ಬಿಲ್ಲನ್ನು ಓದದೆ ಕಟ್ಟುವವರು ಇಂದು ಮನೆಗೆ ಹೋಗಿ ಒಮ್ಮೆ ತೆಗೆದು ನೋಡಬೇಕು. ವರಮಾನ ತೆರಿಗೆಯವರಿಗೆ ಲೆಕ್ಕ ಕೊಡಬೇಕಾದವರು ಇನ್ನೊಂದು ತಿಳಿದಿರಲಿ. ಬಂದ ಬಾಡಿಗೆಯಲ್ಲಿ ತಾವು ಕಟ್ಟಿದ ನಗರಪಾಲಿಕೆ ತೆರಿಗೆಯನ್ನು ಕಳೆದು, ಉಳಿದುದರಲ್ಲಿ ನೂರಕ್ಕೆ 30ನ್ನು ರಿಪೇರಿ ಮುಂತಾದುದಕ್ಕೆಂದು ಬಿಡುತ್ತಾರೆ. ಅಷ್ಟು ಖರ್ಚಾಗಲಿ ಬಿಡಲಿ, ರಸೀದಿ ಕೇಳುವುದಿಲ್ಲ.

ಇನ್ನು ಹೆದರಿಕೆಯ ಮಾತು. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಖೋಲಿಗೆ ಬೀಗ ಹಾಕಿ ಇಡುತ್ತಾರೆಯೇ ಹೊರತು ಬಾಡಿಗೆಗೆ ಕೊಡುವುದಿಲ್ಲ. 'ಒಮ್ಮೆ ಒಳಗೆ ಬಂದವನು ಹೊರಗೆ ಹೋಗುವುದಿಲ್ಲ' ಎನ್ನುತ್ತಾರೆ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 1947ರ ಮುಂಬಯಿ ಬಾಡಿಗೆ ಕಾಯಿದೆಯು 1940ರ ಸೆಪ್ಟೆಂಬರ್ ಒಂದನೆಯ ತಾರೀಖಿನ ಬಾಡಿಗೆಯನ್ನೇ ಪ್ರಮಾಣವೆಂದು ಹಿಡಿಯಿತು. ಆಮೇಲೆ ಕಟ್ಟಿದ ಮನೆಗಳಿಗೆ ಮೊದಲ ಸಲ ಕೊಟ್ಟ ಬಾಡಿಗೆಯೇ ಪ್ರಮಾಣ. ದೇಶ ವಿಭಜನೆಯ ಕಾಲದಲ್ಲಿ ಜನ ಬೀದಿಗೆ ಬೀಳದಂತೆ ಅದು ಕಾಪಾಡಿತು. ಗಿರಣಗಾಂವಿನ ಚಾಳುಗಳಲ್ಲಿ ನಮ್ಮ ತಂದೆ ತಾತಂದಿರು ಬಾಳಿದ್ದೂ ಆ ನೆರಳಿನಲ್ಲೇ. ಅದನ್ನು ನಾವು ಮರೆಯಬಾರದು. ಆದರೆ ಬೆಲೆಗಳು ಏರಿದಂತೆ ಬಾಡಿಗೆ ಏರಲಿಲ್ಲ. ಮಾಲಕನು ಮಾಡಿಗೆ ಹಂಚು ಹೊದಿಸುವುದನ್ನು ಬಿಟ್ಟ, ಚಾಳು ಸೋರತೊಡಗಿತು. ಮಾಲಕರು ಬಾಡಿಗೆಯೆಂದು ಬರೆಯುವುದನ್ನು ಬಿಟ್ಟು 'ಲೀವ್ ಅಂಡ್ ಲೈಸೆನ್ಸ್' ಎಂದು ಬರೆಯಲಾರಂಭಿಸಿದರು. 1973ರಲ್ಲಿ ಸರಕಾರವು ಫೆಬ್ರವರಿ ಒಂದನೆಯ ತಾರೀಖಿಗೆ ಅಂಥ ಚಾಲ್ತಿಯ ಕರಾರಿನ ಮೇಲೆ ಒಳಗಿದ್ದವರನ್ನೆಲ್ಲ ಬಾಡಿಗೆದಾರರೆಂದೇ ಕಾಯಿದೆಯಿಂದ ಸಾರಿತು. ಅಂದಿನಿಂದ ಬಿದ್ದ ಬೀಗ ಇನ್ನೂ ಕೆಲವರ ಮನಸ್ಸಿನಿಂದ ತೆರೆದಿಲ್ಲ.

ಈಗ ಆ ಕಾಲವಲ್ಲ. 1997ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹಳೆಯ ಪ್ರಮಾಣದ ಬಾಡಿಗೆಯಲ್ಲಿ ನ್ಯಾಯ ಉಳಿದಿಲ್ಲವೆಂದು ಹೇಳಿತು. (ಆ ಮೊಕದ್ದಮೆಯ ಹೆಸರಿನಲ್ಲಿ ನಮ್ಮ ಕರಾವಳಿಯ ಮಲ್ಪೆ ಇದೆ ಎಂಬುದನ್ನು ಉಡುಪಿ ಕಡೆಯ ಮಿತ್ರರಿಗಾಗಿ ಹೇಳುತ್ತೇವೆ.) ಬಳಿಕ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು 2000ದ ಮಾರ್ಚ್ 31ರಿಂದ ಜಾರಿಗೆ ಬಂತು. ಅದರ 24ನೆಯ ಕಲಮಿನ ಪ್ರಕಾರ, ವಾಸಕ್ಕೆಂದು ಲೈಸೆನ್ಸಿನ ಮೇಲೆ ಕೊಟ್ಟ ಖೋಲಿಯನ್ನು ಅವಧಿ ಮುಗಿದ ಮೇಲೆ ಬಿಡದಿದ್ದರೆ ಮಾಲಕನು ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯದೆ ನೇಮಿತ ಅಧಿಕಾರಿಯ ಬಳಿಗೆ ಹೋಗಬಹುದು. ಬಿಡದೆ ಕುಳಿತ ದಿನಗಳಿಗೆ ಎರಡು ಪಟ್ಟು ತೆರಬೇಕಾಗುತ್ತದೆ. ಆದರೆ ಬರೆದ ಕಾಗದವಿದ್ದರೆ ಮಾತ್ರ ಈ ಮಾತಿಗೆ ಬಲ.

ಈ ಕಾಗದದ ವಿಷಯದಲ್ಲಿಯೇ ನಮ್ಮವರು ಎಡವುತ್ತಾರೆ. ಹೊರಗಿನವನಿಗೆ ಕೊಡುವಾಗ ಹತ್ತು ಕಡೆ ಸಹಿ ಹಾಕಿಸಿಕೊಳ್ಳುವವರು, ಊರಿನವನು ಬಂದರೆ 'ನಮ್ಮ ಹುಡುಗ, ಇವನ ಹತ್ತಿರ ಎಂಥ ಕಾಗದ' ಎನ್ನುತ್ತಾರೆ. ಹೆಸರು ಹೇಳದೆ ಒಂದು ಸಂಗತಿ ತಿಳಿಸುತ್ತೇವೆ. ಗಿರಣಿಯ ನೂಲುವ ಖಾತೆಯಲ್ಲಿ ಜಾಬರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ತಮ್ಮ ಖೋಲಿಯನ್ನು ಭಾವಮೈದುನನ ಶಿಫಾರಸಿನಿಂದ ಬಂದ ಊರಿನ ಹುಡುಗನಿಗೆ ಕೊಟ್ಟರು. ಡಿಪಾಜಿಟ್ ಇಲ್ಲ, ಬರಹವಿಲ್ಲ. ಮೊದಲನೆಯ ವರ್ಷ ಹುಡುಗ ತಾರೀಖು ತಪ್ಪದೆ ಬಾಡಿಗೆ ತಂದುಕೊಟ್ಟ, ದೀಪಾವಳಿಗೆ ಉಂಡಿಯ ಡಬ್ಬಿಯನ್ನೂ ತಂದ. ಎರಡನೆಯ ವರ್ಷ ಅವನ ಮದುವೆಯಾಯಿತು. ಬಾಡಿಗೆ ಹತ್ತು ದಿನ ತಡವಾಯಿತು, ಆಮೇಲೆ ಎರಡು ತಿಂಗಳು. ಕೇಳಿದರೆ, 'ಕಾಕಾ, ಮೋರಿಯ ನಳ ಒಡೆದಿತ್ತು, 14,000 ಖರ್ಚು ಮಾಡಿದ್ದೇನೆ, ಅದರಲ್ಲಿ ಮುರಿದುಕೊಳ್ಳಿ' ಎಂದ. ಅದೇ ಸಮಯಕ್ಕೆ ಊರಿನಲ್ಲಿ ಹಿರಿಯರ ಹೆಂಡತಿಗೆ ಕಣ್ಣಿನ ಆಪರೇಶನ್ ಆಗಬೇಕಾಗಿತ್ತು. ಖೋಲಿ ಬಿಡು ಎಂದರು. 'ಸ್ವಂತ ಮನೆ ಮಾಡಿಕೊಳ್ಳುವವರೆಗೆ ಇರು ಎಂದು ನೀವೇ ಹೇಳಿದ್ದಿರಲ್ಲ' ಎಂದು ಹುಡುಗನ ಉತ್ತರ.

ಹೇಳಿದ್ದರೋ ಇಲ್ಲವೋ, ಇಬ್ಬರಿಗೂ ಈಗ ಸರಿಯಾಗಿ ನೆನಪಿಲ್ಲ. ಇಬ್ಬರೂ ಬೇರೆ ಬೇರೆ ಬುಧವಾರ ನಮ್ಮ ಮುಂದೆ ಕುಳಿತು ಮಾತನಾಡಿದರು. ಇಬ್ಬರೂ ಸುಳ್ಳು ಹೇಳಿದರೆಂದು ನಮಗೆ ಅನಿಸಲಿಲ್ಲ. ಹುಡುಗ ಕೆಟ್ಟವನಲ್ಲ, ಹಿರಿಯರು ಲೋಭಿಯಲ್ಲ. ಕಡೆಗೆ ಇಬ್ಬರನ್ನೂ ಕೂಡಿಸಿ, ನಳದ ಖರ್ಚಿನ ಅರ್ಧವನ್ನು ಹಿರಿಯರು ಒಪ್ಪಿ, ಆರು ತಿಂಗಳ ಕರಾರು ಬರೆಸಿ ನೋಂದಾಯಿಸಿದ್ದಾಯಿತು. ಐದನೆಯ ತಿಂಗಳಿಗೇ ಹುಡುಗ ಖೋಲಿ ಬಿಟ್ಟ, ಬಾಕಿಯನ್ನೂ ತೀರಿಸಿದ. ಆದರೆ ಊರಿನ ಜಾತ್ರೆಯಲ್ಲಿ ಆ ಎರಡು ಮನೆಯವರು ಈಗಲೂ ಒಂದು ಪಂಕ್ತಿಯಲ್ಲಿ ಕೂರುವುದಿಲ್ಲವಂತೆ. ನಾವು ಬಾಡಿಗೆಯನ್ನು ಸರಿಪಡಿಸಿದೆವು, ಅದನ್ನು ಸರಿಪಡಿಸುವುದು ನಮ್ಮಿಂದ ಆಗಲಿಲ್ಲ.

ಆದುದರಿಂದ ಊರಿನವನಿಗೇ ಮೊದಲು ಕಾಗದ ಬರೆಸಿರಿ ಎಂದು ನಾವು ಹೇಳುತ್ತೇವೆ. ಹೊರಗಿನವನೊಡನೆ ಕೆಟ್ಟರೆ ಹಣ ಮಾತ್ರ ಹೋಗುತ್ತದೆ. ಮಹಾರಾಷ್ಟ್ರದಲ್ಲಿ ಇದು ಐಚ್ಛಿಕವೂ ಅಲ್ಲ. 55ನೆಯ ಕಲಮಿನಂತೆ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು, ಮಾಡಿಸುವ ಹೊಣೆ ಮಾಲಕನದು. ಇಲ್ಲದಿದ್ದರೆ ಷರತ್ತುಗಳ ಬಗ್ಗೆ ಒಳಗಿರುವವನು ಹೇಳಿದ್ದೇ ನಿಜವೆಂದು ಹಿಡಿಯುತ್ತಾರೆ, ಬೇರೆ ರುಜುವಾತಾಗುವವರೆಗೆ. ಮಾಲಕನಿಗೆ ಮೂರು ತಿಂಗಳವರೆಗೆ ಸಜೆ, ಇಲ್ಲವೆ 5,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಬೆಂಗಳೂರಿನಿಂದ ಬಂದವರು 'ಹನ್ನೊಂದು ತಿಂಗಳಿಗೆ ನೋಂದಣಿ ಬೇಡ' ಎಂದು ವಾದಿಸುತ್ತಾರೆ. 1908ರ ನೋಂದಣಿ ಕಾಯಿದೆಯು ವರ್ಷ ಮೀರಿದ ಬಾಡಿಗೆಗೆ ನೋಂದಣಿಯನ್ನು ಕಡ್ಡಾಯ ಮಾಡಿದ್ದರಿಂದ ಅಲ್ಲಿ ಆ ಹನ್ನೊಂದರ ವಾಡಿಕೆ ಬಂದಿದೆ. ಇಲ್ಲಿ ಆ ಉಪಾಯ ನಡೆಯದು.

ಖರ್ಚೆಷ್ಟು? ಹನ್ನೊಂದು ತಿಂಗಳಿಗೆ 9,000ದಂತೆ 99,000. ಡಿಪಾಜಿಟ್ 50,000 ಇದ್ದರೆ ಅದಕ್ಕೆ ವರ್ಷಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿ ಕಲ್ಪಿಸಿ ಕೂಡಿಸುತ್ತಾರೆ. ಒಟ್ಟಿನ ಮೇಲೆ ನೂರಕ್ಕೆ ಕಾಲು ರೂಪಾಯಿ ಸ್ಟ್ಯಾಂಪು, ಅಂದರೆ ಸುಮಾರು 260 ರೂಪಾಯಿ. ನಗರ ಪ್ರದೇಶದಲ್ಲಿ ನೋಂದಣಿ ಶುಲ್ಕ 1,000. ಕಂಪ್ಯೂಟರಿನಲ್ಲಿ ಮಾಡಿಸುವ ಏಜಂಟನ ಕೂಲಿ ಬೇರೆ; ಅದನ್ನು ಇಬ್ಬರೂ ಹಂಚಿಕೊಳ್ಳುವ ವಾಡಿಕೆ ಒಳ್ಳೆಯದು. ಹೆಬ್ಬೆಟ್ಟಿನ ಗುರುತು, ಫೋಟೋ ಎರಡೂ ಬೇಕಾಗುವುದರಿಂದ ಊರಿಗೆ ಹೊರಟವರು ಗಾಡಿ ಹತ್ತುವ ಮೊದಲೇ ಮಾಡಿಸಬೇಕು.

ಇಲ್ಲಿ ಬಾಡಿಗೆಗಿರುವ ಮಿತ್ರರು 'ಇವರು ಮಾಲಕರ ಪಕ್ಷ ಸೇರಿದರು' ಎಂದುಕೊಳ್ಳಬಾರದು. ಕೊಟ್ಟ ಪ್ರತಿಯೊಂದು ರೂಪಾಯಿಗೆ ರಸೀದಿ ಪಡೆಯುವುದು ನಿಮ್ಮ ಹಕ್ಕು. ಜಗಳವಾಯಿತೆಂದು ನೀರು, ಲೈಟು ಕಡಿಯುವುದು ಅಪರಾಧ. ನಮ್ಮವರೇ ಅದನ್ನು ಮಾಡುವುದನ್ನು ಕಂಡು ನಮಗೆ ನಾಚಿಕೆಯಾಗಿದೆ. ಬಾಡಿಗೆದಾರನು ರಿಪೇರಿಗೆ ಕನಿಷ್ಠ ಹದಿನೈದು ದಿನಗಳ ನೋಟೀಸು ಕೊಟ್ಟೂ ಮಾಲಕನು ಸುಮ್ಮನಿದ್ದರೆ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ಆದರೆ ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚಲ್ಲ. ಆ ಹುಡುಗ ಒಂದು ಚೀಟಿ ಬರೆದು ಕೊಟ್ಟಿದ್ದರೆ ಅವನ ಮಾತಿಗೂ ತೂಕ ಬರುತ್ತಿತ್ತು. ಡಿಪಾಜಿಟ್ಟಿನ ಹಣವನ್ನು ಖರ್ಚು ಮಾಡಿಕೊಂಡು, ಬಿಡುವ ದಿನ ಗೋಡೆಯ ಮೊಳೆ ಎಣಿಸುವ ಮಾಲಕರಿದ್ದಾರೆ. ಆ ಹಣ ನಿಮ್ಮದಲ್ಲ, ಬ್ಯಾಂಕಿನಲ್ಲಿ ಬೇರೆಯಾಗಿ ಇಡಿ. ಒಳಗೆ ಬರುವ ದಿನವೇ ಫ್ಯಾನು ಎಷ್ಟು, ದೀಪ ಎಷ್ಟು, ಎಲ್ಲಿ ಬಿರುಕಿದೆ ಎಂದು ಇಬ್ಬರೂ ನೋಡಿ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಬಿಡುವ ದಿನ ಮಾತು ಬೆಳೆಯುವುದಿಲ್ಲ.

ಯಾರಿಗೆ ಕೊಡಬೇಕು ಎಂದು ಕೇಳುತ್ತಾರೆ. ಪಗಾರ ನೋಡಿ, ಮೊದಲಿದ್ದ ಮನೆಯವರನ್ನು ವಿಚಾರಿಸಿ, ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ತಿಳಿಸಿ, ಸೊಸೈಟಿಗೆ ಕರಾರಿನ ಪ್ರತಿ ಕೊಡಿ. ಜಾತಿ, ಭಾಷೆ, ಊಟದ ಮೇಲೆ ಆರಿಸುವುದು ನಮಗೆ ಸರಿಕಾಣುವುದಿಲ್ಲ. ದಕ್ಷಿಣದವರೆಂಬ ಒಂದೇ ಕಾರಣಕ್ಕೆ ಖೋಲಿ ಸಿಗದೆ ತಿರುಗಾಡಿದ ನೆನಪು ನಮ್ಮ ಹಿರಿಯರಲ್ಲಿ ಹಲವರಿಗಿದೆ. ಈಗ ಬೀಗದ ಕೈ ನಮ್ಮ ಸೊಂಟದಲ್ಲಿದೆಯೆಂದು ಅದೇ ಮಾತನ್ನು ಬಿಹಾರದ ಹುಡುಗನಿಗೆ ಹೇಳುವುದೇ?

ದೂರದಲ್ಲಿರುವವರಿಗೆ ಮಳೆಗಾಲವೇ ದೊಡ್ಡ ಕಾಟ. ಜೂನಿಗೆ ಮೊದಲು ಒಬ್ಬರು ಹೋಗಿ ಕಿಟಕಿಯ ಮೇಲಿನ ಸಜ್ಜೆ, ಮೋರಿಯ ಕೊಳವೆ ನೋಡಿಕೊಂಡು ಬರಬೇಕು. ಮೇಲಿನ ಮನೆಯಿಂದ ಸೋರಿದರೆ ಸೊಸೈಟಿಗೆ ಲಿಖಿತವಾಗಿ ತಿಳಿಸಬೇಕು. ಬಾಯಿಮಾತಿನ ತಕರಾರು ಮುಂದಿನ ಮಳೆಗಾಲದವರೆಗೂ ಬಾಯಲ್ಲೇ ಇರುತ್ತದೆ. ಬಾಡಿಗೆ ಬ್ಯಾಂಕಿನ ಖಾತೆಗೇ ಬರಲಿ, ಸೋದರಳಿಯನ ಕೈಗೆ ಬೇಡ. ಸೋದರಳಿಯಂದಿರು ಕ್ಷಮಿಸಬೇಕು.

ಕಡೆಗೆ ಒಂದು ಮಾತು ಉಳಿದಿದೆ. ಖೋಲಿಯ ಶೇರು ಸರ್ಟಿಫಿಕೇಟು, ಖರೀದಿ ಪತ್ರ, ಈಗಿನ ಕರಾರು ಎಲ್ಲಿವೆಯೆಂದು ಮನೆಯ ಹೆಂಗಸರಿಗೆ ಗೊತ್ತಿಲ್ಲದ ಮನೆಗಳನ್ನು ನಾವು ಬಹಳ ನೋಡಿದ್ದೇವೆ. ಯಜಮಾನರು ತೀರಿಕೊಂಡ ಮೇಲೆ, ಬಾಡಿಗೆದಾರನ ಹೆಸರೇ ಗೊತ್ತಿಲ್ಲದೆ, ಬಾಡಿಗೆ ಯಾರಿಂದ ಕೇಳಬೇಕೆಂದು ತಿಳಿಯದೆ ಇಲ್ಲಿಗೆ ಬಂದ ತಾಯಂದಿರಿದ್ದಾರೆ. ಸೊಸೈಟಿಯಲ್ಲಿ ನಾಮನಿರ್ದೇಶನದ ಫಾರಂ ತುಂಬಿರಿ. ಅಷ್ಟರಿಂದಲೇ ಆಸ್ತಿ ಆ ಹೆಸರಿನವರದಾಗುವುದಿಲ್ಲ, ಮೃತ್ಯುಪತ್ರ ಬೇರೆಯೇ ಬೇಕು. ಕಾಗದಗಳ ಪಟ್ಟಿಯೊಂದನ್ನು ಮಾಡಿ ಹೆಂಡತಿಯ ಕೈಗೆ ಕೊಡಿ. ಬುಧವಾರ ಸಂಜೆ ಏಳರಿಂದ ನಾವು ಇಲ್ಲೇ ಇರುತ್ತೇವೆ. ಬರುವಾಗ ಸೊಸೈಟಿಯ ಕೊನೆಯ ಬಿಲ್ಲು, ಲೈಟ್ ಬಿಲ್ಲು, ಆಧಾರ್ ಕಾರ್ಡು ತನ್ನಿ. ಆಗುವುದಾದರೆ ಮನೆಯವರನ್ನೂ ಕರೆತನ್ನಿ.