ಔಷಧವೇ ತರುವ ಉಪದ್ರವ
(ಸಂಘದ ಉಚಿತ ವಾಚನಾಲಯದಲ್ಲಿ ಸದಸ್ಯರ ಮುಂದೆ ಮಾಡಿದ ಭಾಷಣ)



ಈ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವ ಹಿರಿಯರಲ್ಲಿ ದಿನಕ್ಕೆ ಒಂದಾದರೂ ಗುಳಿಗೆ ನುಂಗದವರು ಅಪರೂಪ. ರಕ್ತದೊತ್ತಡಕ್ಕೊಂದು, ಸಕ್ಕರೆ ಕಾಯಿಲೆಗೊಂದು, ಮೊಣಕಾಲಿನ ನೋವಿಗೊಂದು. ಆದುದರಿಂದ ಇಂದು ರೋಗಗಳ ಮಾತನ್ನು ಬದಿಗಿಟ್ಟು, ಔಷಧದಿಂದಲೇ ಬರುವ ಉಪದ್ರವಗಳ ವಿಚಾರವಾಗಿ ನಾಲ್ಕು ಮಾತು ಹೇಳಬಯಸುತ್ತೇನೆ.

ತೀರ ಸಾಮಾನ್ಯವಾದ ಒಂದು ಉದಾಹರಣೆ ನೋಡೋಣ. ರಕ್ತದೊತ್ತಡಕ್ಕೆ ರಾಮಿಪ್ರಿಲ್, ಎನಾಲಾಪ್ರಿಲ್ ಎಂಬ ಔಷಧಗಳುಂಟು. ಹೃದಯಕ್ಕೆ ಹಿತವಾದ ಒಳ್ಳೆಯ ಔಷಧಗಳೇ ಅವು. ಆದರೆ ಶರೀರದಲ್ಲಿ ಹುಟ್ಟುವ ಬ್ರಾಡಿಕೈನಿನ್ ಎಂಬ ವಸ್ತು ಎಂದಿನಂತೆ ಕರಗುವುದನ್ನು ಅವು ತಡೆಯುತ್ತವೆ. ಅದರಿಂದ ಕೆಲವರಿಗೆ ಗಂಟಲು ಕೆರೆದು, ಕಫವಿಲ್ಲದ ಒಣ ಕೆಮ್ಮು ಬರುತ್ತದೆ. ಸುಮಾರಾಗಿ ಹತ್ತು ಮಂದಿಯಲ್ಲಿ ಒಬ್ಬರಿಗೆ ಹೀಗಾಗುವುದುಂಟು. ಕೆಲವರಿಗೆ ಕೆಲವೇ ದಿನಗಳಲ್ಲಿ, ಕೆಲವರಿಗೆ ತಿಂಗಳುಗಳು ಕಳೆದ ಮೇಲೆ.

ಇದನ್ನರಿಯದ ರೋಗಿ ಏನು ಮಾಡುತ್ತಾನೆ? ಮುಂಬಯಿಯ ಧೂಳು, ಇಲ್ಲವೆ ಮಳೆಗಾಲದ ತಂಪು ಎಂದು ಬಗೆದು ಅಂಗಡಿಯಿಂದ ಕೆಮ್ಮಿನ ಸಿರಪ್ ತರುತ್ತಾನೆ. ತೂಕಡಿಕೆ ಬರುತ್ತದೆ, ಕೆಮ್ಮು ಹೋಗುವುದಿಲ್ಲ. ಬೇರೊಬ್ಬ ವೈದ್ಯರಲ್ಲಿಗೆ ಹೋಗಿ, ರಕ್ತದೊತ್ತಡದ ಗುಳಿಗೆಯ ಮಾತನ್ನೇ ಎತ್ತದೆ ಕೆಮ್ಮನ್ನಷ್ಟೇ ಹೇಳುತ್ತಾನೆ. ಅಲ್ಲೊಂದು ಆಂಟಿಬಯಾಟಿಕ್ ಸೇರುತ್ತದೆ, ಅದರಿಂದ ಭೇದಿ. ಒಂದು ಗುಳಿಗೆ ಇದ್ದಲ್ಲಿ ನಾಲ್ಕಾದುವು, ಕೆಮ್ಮು ಇದ್ದಲ್ಲೇ ಇದೆ. ಮೊದಲ ವೈದ್ಯರಿಗೆ ಒಂದು ಮಾತು ಹೇಳಿದ್ದರೆ, ಟೆಲ್ಮಿಸಾರ್ಟನ್, ಲೊಸಾರ್ಟನ್ ಮುಂತಾದ ಬೇರೆ ಜಾತಿಯ ಔಷಧಕ್ಕೆ ಬದಲಿಸುತ್ತಿದ್ದರು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕೆಮ್ಮು ನಿಲ್ಲುತ್ತದೆ. ಆಮ್ಲೋಡಿಪಿನ್ ತೆಗೆದುಕೊಳ್ಳುವವರಿಗೆ ಪಾದ ಊದುವುದೂ ಇಂಥದೇ.

ಆದುದರಿಂದ ನನ್ನ ಮುಖ್ಯ ಮಾತು ಇಷ್ಟೆ: ಹೊಸ ಔಷಧ ಆರಂಭವಾದ ಮೇಲೆ ಹೊಸ ತೊಂದರೆ ಕಂಡರೆ, ಮೊದಲು ಆ ಔಷಧದ ಮೇಲೆ ಸಂಶಯವಿರಲಿ, ಅದನ್ನು ಕೊಟ್ಟ ವೈದ್ಯರಿಗೆ ತಿಳಿಸಿರಿ.

ಹಾಗೆಂದು ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಳ್ಳುವವರುಂಟೆ? ರಕ್ತದೊತ್ತಡ ಏರಿದ್ದು ಎಷ್ಟೋ ವೇಳೆ ನಮಗೆ ತಿಳಿಯುವುದೇ ಇಲ್ಲ; ಗುಳಿಗೆ ಬಿಟ್ಟು ಹಾಯಾಗಿದ್ದೇನೆಂದುಕೊಂಡವರಿಗೆ ಒಂದು ದಿನ ಪಾರ್ಶ್ವವಾಯು ಬಡಿದೀತು. ಪ್ರೆಡ್ನಿಸೊಲೋನಿನಂಥ ಸ್ಟಿರಾಯ್ಡನ್ನು ಕೆಲವು ವಾರ ತೆಗೆದುಕೊಂಡರೆ, ಶರೀರ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಅದನ್ನು ಒಮ್ಮೆಗೇ ಬಿಟ್ಟರೆ ಪ್ರಾಣಾಪಾಯ. ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕು. ಆದರೆ ತುಟಿ, ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ, ಮೈಮೇಲೆ ಬೊಕ್ಕೆಗಳೆದ್ದು ಚರ್ಮ ಸುಲಿದರೆ, ಮಲ ಡಾಂಬರಿನಂತೆ ಕಪ್ಪಾದರೆ, ಮುಂದಿನ ಗುಳಿಗೆಯನ್ನು ನುಂಗದೆ ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು.

ಇನ್ನು ಮನೆಯಲ್ಲಿ ನಡೆಯುವ ಮೂರು ಸಂಗತಿಗಳು. ಮೊದಲನೆಯದು ನೋವಿನ ಗುಳಿಗೆ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳು ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಲ್ಲವು, ರಕ್ತದೊತ್ತಡವನ್ನೂ ಏರಿಸಬಲ್ಲವು. ರಾಮಿಪ್ರಿಲ್ ಮತ್ತು ಮೂತ್ರ ಹೆಚ್ಚಿಸುವ ಗುಳಿಗೆಯ ಜೊತೆ ಸೇರಿದರಂತೂ ಮೂತ್ರಪಿಂಡಕ್ಕೆ ಅಪಾಯ. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಔಷಧವಲ್ಲ. ಎರಡನೆಯದು ಪ್ಯಾರಸಿಟಮಾಲ್. ಜ್ವರಕ್ಕೆಂದು ಒಂದು, ನೆಗಡಿಗೆಂದು ಇನ್ನೊಂದು ಗುಳಿಗೆ ನುಂಗುತ್ತೇವೆ. ಎರಡರೊಳಗೂ ಇರುವುದು ಅದೇ ಆಗಿರಬಹುದು. ದೊಡ್ಡವರಿಗೆ ದಿನಕ್ಕೆ 4 ಗ್ರಾಂ, ಅಂದರೆ 650 ಮಿಲಿಗ್ರಾಮಿನ ಆರು ಗುಳಿಗೆ, ಮೇರೆ. ಮೀರಿದರೆ ಪಿತ್ತಜನಕಾಂಗಕ್ಕೆ ಹಾನಿ. ಮೈ ಸಣ್ಣದಾಗಿರುವವರಿಗೆ, ಮದ್ಯಪಾನಿಗಳಿಗೆ ಮೇರೆ ಇನ್ನೂ ಕಡಿಮೆ. ಮೂರನೆಯದು ಏಕಾದಶಿ. ಗ್ಲಿಮೆಪಿರೈಡ್ ನುಂಗಿ ಉಪವಾಸ ಕುಳಿತರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವುದೂ ಉಂಟು. ವ್ರತ ಮಾಡುವವರು ಮುಂಚಿತವಾಗಿ ವೈದ್ಯರನ್ನು ಕೇಳಿ ನಡೆಯಲಿ.

ಊರು ಬಿಟ್ಟು ಬಂದ ನಮಗೆ ಮತ್ತೊಂದು ತೊಡಕಿದೆ. ಊರಿನಿಂದ ಬರುವ ತಂದೆತಾಯಿಗಳು ಅಲ್ಲಿಯ ವೈದ್ಯರು ಬರೆದ ಗುಳಿಗೆಗಳನ್ನು ಗಂಟು ಕಟ್ಟಿ ತರುತ್ತಾರೆ. ಇಲ್ಲಿಯ ವೈದ್ಯರು ಅದೇ ಔಷಧವನ್ನು ಬೇರೆ ಕಂಪನಿಯ ಹೆಸರಿನಲ್ಲಿ ಬರೆಯುತ್ತಾರೆ. ಹೆಸರು ಬೇರೆಯಾದುದರಿಂದ ಎರಡನ್ನೂ ನುಂಗುತ್ತಾರೆ! ಕಂಪನಿಯ ಹೆಸರಿನ ಜೊತೆಗೆ ಔಷಧದ ನಿಜವಾದ ಹೆಸರನ್ನೂ ಸ್ಟ್ರಿಪ್ಪಿನ ಮೇಲೆ ಅಚ್ಚು ಮಾಡಿರುತ್ತಾರೆ, ನೋಡಬೇಕಾದುದು ಅದನ್ನೇ. ಕನ್ನಡವನ್ನಷ್ಟೇ ಓದಬಲ್ಲ ತಾಯಿಗೆ ಇಂಗ್ಲಿಷಿನ ಈ ಅಕ್ಷರಗಳು ಏನು ಹೇಳಿಯಾವು?

ಅದಕ್ಕಾಗಿ ನನ್ನದೊಂದು ಸೂಚನೆ. ಸಂಘದ ತರುಣರು ವಾರಕ್ಕೊಂದು ಸಂಜೆ ಇಲ್ಲಿ ಕುಳಿತು, ಹಿರಿಯರು ತಂದ ಗುಳಿಗೆಗಳನ್ನೂ ವೈದ್ಯರ ಚೀಟಿಯನ್ನೂ ಇಟ್ಟುಕೊಂಡು, ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಲಿ: ಔಷಧದ ಹೆಸರು, ಯಾವ ಕಾಯಿಲೆಗೆ, ಎಷ್ಟು ಹೊತ್ತಿಗೆ, ಊಟಕ್ಕೆ ಮುಂಚೆಯೋ ಅನಂತರವೋ, ಯಾವ ಔಷಧ ಮೈಗೆ ಒಗ್ಗುವುದಿಲ್ಲ. ಪಕ್ಕದಲ್ಲೇ ಇಂಗ್ಲಿಷಿನಲ್ಲೂ ಬರೆದರೆ ವೈದ್ಯರಿಗೂ ಉಪಯೋಗ. ಒಂದೇ ಔಷಧ ಎರಡು ಸಲ ಕಂಡರೆ ತರುಣರು ತಾವಾಗಿ ಅಳಿಸದೆ, ಗುರುತು ಹಾಕಿ ವೈದ್ಯರಲ್ಲಿಗೆ ಕಳುಹಿಸಲಿ.

ಔಷಧದ ಉಪದ್ರವವನ್ನು ಸರಕಾರಕ್ಕೆ ತಿಳಿಸಲೂ ಏರ್ಪಾಡಿದೆ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುತ್ತಿದೆ. ಅದರ ಉಚಿತ ದೂರವಾಣಿ ಸಂಖ್ಯೆ 1800-180-3024. ಸಾಮಾನ್ಯ ಜನರು ತುಂಬುವ ಅದರ ಅರ್ಜಿ ಕನ್ನಡದಲ್ಲಿಯೂ ಇದೆ. ಒಬ್ಬರು ಬರೆದು ತಿಳಿಸಿದ್ದು ನಾಳೆ ಮತ್ತೊಬ್ಬರನ್ನು ಉಳಿಸೀತು.

ಔಷಧಕ್ಕೆ ಅಂಜಬೇಡಿ, ಅದನ್ನು ಕುರುಡಾಗಿ ನಂಬಲೂ ಬೇಡಿ, ಅರಿತು ತೆಗೆದುಕೊಳ್ಳಿ.