ಸರ್ಕಾರಿ ಸಂಬಳ, ಖಾಸಗಿ ಸಂಬಳ ಮತ್ತು ಸಂಘಟನೆ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆದ ಚರ್ಚಾ ಸ್ಪರ್ಧೆಯ ಸಮಾರೋಪದಲ್ಲಿ ಮಾಡಿದ ಭಾಷಣ)

 

ಈಗಷ್ಟೇ ಮುಗಿದ ಚರ್ಚೆಯನ್ನು ನಾನು ಗಮನವಿಟ್ಟು ಕೇಳಿದೆ. ‘ಸರ್ಕಾರಿ ನೌಕರರಿಗೆ ಖಾಸಗಿಯವರಿಗಿಂತ ಹೆಚ್ಚು ಸಂಬಳ ಸಿಗುತ್ತಿದೆ, ಅದಕ್ಕೆ ನೌಕರರ ಸಂಘಗಳೇ ಕಾರಣ’ ಎಂಬುದು ವಿಷಯ. ಪರವಾಗಿ ಮಾತನಾಡಿದವರು ಸರ್ಕಾರಿ ಕಚೇರಿಯ ಜವಾನನನ್ನೂ ಅಂಗಡಿಯ ಕೆಲಸದಾಳನ್ನೂ ಹೋಲಿಸಿದರು. ವಿರೋಧವಾಗಿ ಮಾತನಾಡಿದವರು ಐ.ಎ.ಎಸ್. ಅಧಿಕಾರಿಯನ್ನೂ ಸಾಫ್ಟ್‌ವೇರ್ ಕಂಪೆನಿಯ ಮುಖ್ಯಸ್ಥನನ್ನೂ ಹೋಲಿಸಿದರು. ಎರಡೂ ಕಡೆಗೆ ಚಪ್ಪಾಳೆ ಬಿತ್ತು. ನೀವು ಗಮನಿಸಿದಿರೋ ಇಲ್ಲವೋ, ಇಬ್ಬರೂ ಹೇಳಿದ್ದು ಸತ್ಯ. ಆದರೆ ಇಬ್ಬರೂ ಹೇಳಿದ್ದು ಅರ್ಧ ಸತ್ಯ.

ಕೇಂದ್ರದ ಏಳನೇ ವೇತನ ಆಯೋಗ ಈ ಹೋಲಿಕೆಗಾಗಿ ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನಿಂದ ಒಂದು ಅಧ್ಯಯನ ಮಾಡಿಸಿತ್ತು. 2015ರಲ್ಲಿ ಆಯೋಗ ಸಲ್ಲಿಸಿದ ವರದಿಯಲ್ಲಿ ಅದರ ಸಾರವಿದೆ. ಸರ್ಕಾರದ ಅತ್ಯಂತ ಕೆಳಗಿನ ಹುದ್ದೆಯ ಸಹಾಯಕನಿಗೆ ಆಗ ತಿಂಗಳಿಗೆ ಒಟ್ಟು 22,579 ರೂಪಾಯಿ ಸಿಗುತ್ತಿತ್ತು. ಅಧ್ಯಯನಕ್ಕೆ ತೆಗೆದುಕೊಂಡ ಖಾಸಗಿ ಸಂಸ್ಥೆಗಳಲ್ಲಿ ಅಂಥದೇ ಕೆಲಸಕ್ಕೆ ಸಿಗುತ್ತಿದ್ದುದು 8,000ದಿಂದ 9,500 ರೂಪಾಯಿ. ಅಂದರೆ ಕೆಳಮಟ್ಟದಲ್ಲಿ ಸರ್ಕಾರ ಎರಡು ಪಟ್ಟಿಗಿಂತ ಹೆಚ್ಚು ಕೊಡುತ್ತದೆ. ಮೇಲೇರಿದಂತೆ ಲೆಕ್ಕ ತಿರುಗುತ್ತದೆ. ಅದೇ ಆಯೋಗದ ಶಿಫಾರಸಿನಂತೆ ಕೇಂದ್ರದಲ್ಲಿ ಕನಿಷ್ಠ ಮೂಲವೇತನ 18,000, ಗರಿಷ್ಠ 2,50,000. ಕೆಳಗಿನವನಿಗೂ ಮೇಲಿನವನಿಗೂ ಸುಮಾರು 14 ಪಟ್ಟು ಅಂತರ. ದೊಡ್ಡ ಖಾಸಗಿ ಕಂಪೆನಿಗಳಲ್ಲಿ ಈ ಅಂತರಕ್ಕೆ ಮಿತಿಯೇ ಇಲ್ಲ.

ಆದುದರಿಂದ ಯಾರಾದರೂ ‘ಸರ್ಕಾರಿ ಸಂಬಳ ಜಾಸ್ತಿ’ ಎಂದಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಯಾರ ಸಂಬಳ? ಎರಡನೆಯ ಪ್ರಶ್ನೆ ಇನ್ನೂ ಮುಖ್ಯ: ಒಂದು ಜಾಸ್ತಿಯೋ, ಇನ್ನೊಂದು ಕಡಿಮೆಯೋ?

ಈ ಎರಡನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಆ ಕನಿಷ್ಠ ಸಂಬಳವನ್ನು ಹೇಗೆ ಲೆಕ್ಕ ಹಾಕುತ್ತಾರೆಂದು ನೋಡಿರಿ. 1957ರ ಹದಿನೈದನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರವನ್ನು ಒಪ್ಪಿತು. ಒಬ್ಬ ದುಡಿಯುವವನ ಮೇಲೆ ಒಂದು ಕುಟುಂಬ ಅವಲಂಬಿಸಿದೆ. ಅವರಿಗೆ ಸಾಕಾಗುವಷ್ಟು ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಒಂದು ಮನೆಯ ಬಾಡಿಗೆ, ಸೌದೆ, ದೀಪ ಮತ್ತಿತರ ಖರ್ಚಿಗೆ ಶೇ. 20. ವೇತನ ಆಯೋಗ ಕನಿಷ್ಠ ವೇತನವನ್ನು ನಿರ್ಧರಿಸಿದ್ದು ಈ ದಾರಿಯಲ್ಲೇ. ಇದರಲ್ಲಿ ಐಷಾರಾಮ ಎಲ್ಲಿದೆ? ಸರ್ಕಾರ ಕೇಳುವುದು, ಒಂದು ಸಂಸಾರ ನಡೆಯಲು ಎಷ್ಟು ಬೇಕೆಂದು. ಸಂಘಟನೆಯಿಲ್ಲದ ಕಡೆ ಮಾಲೀಕ ಕೇಳುವುದು, ಬಾಗಿಲ ಹೊರಗೆ ಕಾದು ನಿಂತವನು ಎಷ್ಟಕ್ಕೆ ಒಪ್ಪುತ್ತಾನೆಂದು.

ಇನ್ನು ಸಂಘಗಳ ವಿಷಯ. 1918ರಲ್ಲಿ ಮದ್ರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರು ಬಿ.ಪಿ. ವಾಡಿಯಾ ಅವರ ನಾಯಕತ್ವದಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಕಂಪೆನಿಯವರು ಹೈಕೋರ್ಟಿಗೆ ಹೋದರು. ಸಂಘ ಕಟ್ಟುವುದೇ ತಪ್ಪೆಂಬಂತೆ ವಾಡಿಯಾ ಅವರ ಮೇಲೆ ಮೊಕದ್ದಮೆ ನಡೆಯಿತು. ಇಂಥ ಮೊಕದ್ದಮೆಗಳಿಂದ ರಕ್ಷಣೆ ಬೇಕೆಂಬ ಕೂಗಿನ ಫಲವೇ 1926ರ ಕಾರ್ಮಿಕ ಸಂಘಗಳ ಕಾಯಿದೆ. ಇಂದು ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು.

ಅಷ್ಟು ದೂರ ಯಾಕೆ? ನಮ್ಮ ಕರಾವಳಿಯ ಬೀಡಿ ಕಟ್ಟುವ ತಾಯಂದಿರನ್ನು ನೋಡಿರಿ. ಇಲ್ಲಿ ಕುಳಿತ ನಿಮ್ಮಲ್ಲಿ ಹಲವರ ಶಾಲಾ ಶುಲ್ಕ ಆ ಬೀಡಿಯ ಮಜೂರಿಯಿಂದ ಬಂದದ್ದು. ಮನೆಯಲ್ಲಿ ಕುಳಿತು ಕಟ್ಟುವವರು ಕಾರ್ಮಿಕರೇ ಅಲ್ಲ ಎಂಬ ವಾದವಿತ್ತು. 1966ರ ಬೀಡಿ ಕಾರ್ಮಿಕರ ಕಾಯಿದೆ ಅವರನ್ನೂ ಕಾರ್ಮಿಕರೆಂದು ಗುರುತಿಸಿತು. ಆ ಕಾಯಿದೆಯನ್ನು ಪ್ರಶ್ನಿಸಿ ಮಂಗಳೂರಿನ ಗಣೇಶ್ ಬೀಡಿ ವರ್ಕ್ಸ್ ಮತ್ತಿತರರು ಹೂಡಿದ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಕಾಯಿದೆಯನ್ನು ಎತ್ತಿಹಿಡಿಯಿತು. ಅವರಿಗೆ ಭವಿಷ್ಯನಿಧಿಯೂ ಸಲ್ಲಬೇಕೆಂದು 1985ರಲ್ಲಿ ಇನ್ನೊಂದು ತೀರ್ಪು ಬಂತು. ಸಾವಿರ ಬೀಡಿಗೆ ಇಷ್ಟೆಂಬ ಕನಿಷ್ಠ ಮಜೂರಿ, ತುಟ್ಟಿಭತ್ಯೆ, ಪಿ.ಎಫ್. ಇವು ಯಾರೂ ದಾನವಾಗಿ ಕೊಟ್ಟದ್ದಲ್ಲ. ಖಾಸಗಿ ರಂಗದಲ್ಲೂ ಸಂಘಟನೆ ಏನು ಮಾಡಬಲ್ಲುದೆಂಬುದಕ್ಕೆ ಸಾಕ್ಷಿ ನಮ್ಮ ಜಗಲಿಯಲ್ಲೇ ಕುಳಿತಿದೆ.

ಆದರೆ ನ್ಯಾಯವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಸರ್ಕಾರಿ ಸಂಬಳ ಬರುವುದು ಜನರ ತೆರಿಗೆಯಿಂದ. ಮುಷ್ಕರವಾದಾಗ ಕಷ್ಟ ಪಡುವವರೂ ಬಡವರೇ. 2021ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ಸಾರಿಗೆ ನೌಕರರು ಸರ್ಕಾರಿ ನೌಕರರಂತೆ ಆರನೇ ವೇತನ ಆಯೋಗದ ಸಂಬಳ ಕೇಳಿ ಮುಷ್ಕರ ಹೂಡಿದಾಗ, ಕಾರಿದ್ದವರಿಗೆ ತೊಂದರೆಯಾಗಲಿಲ್ಲ, ಬಸ್ಸನ್ನೇ ನಂಬಿದವರಿಗೆ ಆಯಿತು. 2003ರಲ್ಲಿ ತಮಿಳುನಾಡಿನ ನೌಕರರ ಪ್ರಕರಣದಲ್ಲಿ, ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೂ 2023ರ ಮಾರ್ಚ್ 1ರಂದು ರಾಜ್ಯ ನೌಕರರು ಮುಷ್ಕರಕ್ಕೆ ಇಳಿದ ದಿನವೇ ಶೇ. 17ರ ಮಧ್ಯಂತರ ಪರಿಹಾರ ಘೋಷಣೆಯಾಯಿತು. 2024ರ ಆಗಸ್ಟ್‌ನಿಂದ ಕನಿಷ್ಠ ಮೂಲವೇತನ 17,000ದಿಂದ 27,000ಕ್ಕೆ ಏರಿತು. ಸಂಘದ ಬಲ ಎಂದರೆ ಇದು.

ಈ ಬಲಿಷ್ಠ ಸಂಘಗಳ ಮೇಲೆ ನನ್ನ ಆಕ್ಷೇಪ ಬೇರೆಯೇ ಇದೆ. ಅದೇ ಕಚೇರಿಯಲ್ಲಿ, ಅದೇ ಮೇಜಿನ ಪಕ್ಕದಲ್ಲಿ ಹೊರಗುತ್ತಿಗೆಯ ಹುಡುಗನೊಬ್ಬ ಕುಳಿತಿರುತ್ತಾನೆ. ಅದೇ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಪಾಠ ಮಾಡುತ್ತಾಳೆ. ಅವರಿಗಾಗಿ ಈ ಸಂಘಗಳು ಬೀದಿಗಿಳಿದದ್ದು ಅಪರೂಪ. 2006ರ ಉಮಾದೇವಿ ಪ್ರಕರಣ ನಮ್ಮ ಕರ್ನಾಟಕದ್ದೇ. ನಿಯಮದಂತೆ ನೇಮಕವಾಗದ ತಾತ್ಕಾಲಿಕ ನೌಕರರಿಗೆ ಕಾಯಂ ಮಾಡಿಸಿಕೊಳ್ಳುವ ಹಕ್ಕಿಲ್ಲವೆಂದು ಅದರಲ್ಲಿ ತೀರ್ಪಾಯಿತು. 2016ರ ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ, ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ಅನ್ವಯಿಸುತ್ತದೆಂದು ಅದೇ ನ್ಯಾಯಾಲಯ ಹೇಳಿತು. ಹಾಗಾಗಿ ನಿಜವಾದ ಗೆರೆ ಸರ್ಕಾರಿ ಮತ್ತು ಖಾಸಗಿ ನಡುವೆ ಮಾತ್ರ ಇಲ್ಲ. ಪರವಾಗಿ ಮಾತನಾಡುವವರು ಇರುವವರ ಮತ್ತು ಇಲ್ಲದವರ ನಡುವೆ ಇದೆ.

ಇದರಲ್ಲಿ ನಮಗೇನು ಎಂದು ಕೇಳಬಹುದು. 2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ, 2001ರ ಜನಗಣತಿಯಂತೆ ದೇಶದಲ್ಲಿ ಶೇ. 13.4ರಷ್ಟಿದ್ದ ಮುಸ್ಲಿಮರು ರೈಲ್ವೆಯಲ್ಲಿದ್ದುದು ಶೇ. 4.5 ಮಾತ್ರ. ಎರಡು ಪಟ್ಟು ಸಂಬಳ ಸಿಗುವ ಆ ಕೆಳಗಿನ ಮೆಟ್ಟಿಲಿನಲ್ಲೇ ನಾವು ಇಲ್ಲ. ಸರ್ಕಾರಿ ಕೆಲಸ ನಮಗೆ ಸಿಗದು ಎಂಬ ಮಾತನ್ನು ಮನೆಯಲ್ಲಿ ಕೇಳಿ ಬೆಳೆದ ವಿದ್ಯಾರ್ಥಿಗಳೇ, ಅರ್ಜಿ ಹಾಕದವನಿಗೆ ಖಂಡಿತ ಸಿಗದು. ರೈಲ್ವೆ, ಬ್ಯಾಂಕು, ಲೋಕಸೇವಾ ಆಯೋಗ, ಇವುಗಳ ಪರೀಕ್ಷೆ ಬರೆಯಿರಿ. ಖಾಸಗಿಗೆ ಹೋಗುವವರು ನೇಮಕಾತಿ ಪತ್ರವನ್ನು ಓದಿ ಸಹಿ ಹಾಕಿರಿ, ಪಿ.ಎಫ್. ಸಂಖ್ಯೆ ಕೇಳಿ ಪಡೆಯಿರಿ, ಸಂಘವಿದ್ದರೆ ಸದಸ್ಯರಾಗಿರಿ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ಅರಿಕೆ. ಕೆಲಸಗಾರನ ಕೂಲಿಯನ್ನು ಮೊದಲೇ ನಿಶ್ಚಯಿಸಿ, ತಡಮಾಡದೆ ಕೊಡಬೇಕೆಂಬುದು ಪ್ರವಾದಿ(ಸ)ಯವರ ಬೋಧನೆ. ಜುಮಾ ಖುತ್ಬಾದಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇವೆ. ಹಾಗಾದರೆ ನಮ್ಮ ಸಮುದಾಯದ ಶಾಲೆಗಳಲ್ಲಿ ಪಾಠ ಮಾಡುವ ಬಿ.ಎಡ್. ಆದ ಹೆಣ್ಣುಮಕ್ಕಳಿಗೆ ನಾವು ಏನು ಕೊಡುತ್ತಿದ್ದೇವೆ? ಬೇಸಿಗೆ ರಜೆಯ ಸಂಬಳ ಎಲ್ಲರಿಗೂ ಸಿಗುತ್ತಿದೆಯೇ? ಶಿಕ್ಷಕರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲವೆಂದು 1988ರಲ್ಲೇ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಆದ್ದರಿಂದ ಅವರ ಪರವಾಗಿ ವಾದಿಸುವ ದಾರಿಗಳು ಕಡಿಮೆ. ಆದರೆ ಖಾಸಗಿ ಶಾಲಾ ಶಿಕ್ಷಕರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು 2022ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿದೆ. ಸರ್ಕಾರಿ ಶಿಕ್ಷಕರಷ್ಟು ಕೊಡುವ ಶಕ್ತಿ ನಮಗಿಲ್ಲ, ಒಪ್ಪುತ್ತೇನೆ. ಆದರೆ ಬರೆದುಕೊಟ್ಟ ನೇಮಕಾತಿ ಪತ್ರ, ತಪ್ಪದ ಪಿ.ಎಫ್., ಹನ್ನೆರಡು ತಿಂಗಳ ಸಂಬಳ, ಆಡಳಿತ ಮಂಡಳಿಯ ಸಭೆಯಲ್ಲಿ ಶಿಕ್ಷಕರ ಒಬ್ಬ ಪ್ರತಿನಿಧಿಗೆ ಒಂದು ಕುರ್ಚಿ, ಇಷ್ಟಕ್ಕೆ ಹಣಕ್ಕಿಂತ ಹೆಚ್ಚು ಮನಸ್ಸು ಬೇಕು. ಕಟ್ಟಡಕ್ಕೆ ಇನ್ನೊಂದು ಮಹಡಿ ಏರಿಸುವ ಮೊದಲು ಈ ಲೆಕ್ಕ ಚುಕ್ತಾ ಮಾಡೋಣ.

ಇಂದು ಬಹುಮಾನ ಯಾರಿಗೇ ಬರಲಿ, ಸಂಬಳದ ಮಾತು ಬಂದಾಗ ಹೆಚ್ಚು ಪಡೆಯುವವನನ್ನು ಕೆಳಗೆಳೆಯುವ ವಾದ ಹೂಡಬೇಡಿರಿ. ಕಡಿಮೆ ಪಡೆಯುವವನು ಏಕೆ ಅಲ್ಲೇ ನಿಂತಿದ್ದಾನೆಂದು ಕೇಳಿರಿ. ದುಡಿಯುವವರ ಹಕ್ಕನ್ನು ಅರಿಯುವ, ಕೊಡಿಸುವ, ಕೊಡುವ ಮನಸ್ಸನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್. ವಸ್ಸಲಾಮ್.